ಚೆಮುಲ್ಪೊ ಬಂದರಿನ ವಿದೇಶಿ ಕೇರಿಗಳು



ದಕ್ಷಿಣ ಕೊರಿಯಾದ ಇಂಚೆನ್ ನಗರದ ಹೆಸರನ್ನು ನೀವು ಕೇಳಿರುತ್ತೀರಿ. 2014ರ ಏಷ್ಯನ್ ಕ್ರೀಡಾಕೂಟ ನಡೆದದ್ದು ಅಲ್ಲಿಯೇ. ಆ ನಗರದ ಹಳೆಯ ಬಂದರಿನ ಸಮೀಪ ಗುಡ್ಡವೊಂದಕ್ಕೆ ಏರುವ ಕಲ್ಲಿನ ಮೆಟ್ಟಿಲುಗಳಿವೆ. ಎರಡೂ ಬದಿಯಲ್ಲಿ ಕಲ್ಲಿನ ದೀಪಸ್ತಂಭಗಳು. ಸ್ವಲ್ಪ ಗಮನವಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ: ಎಡಬದಿಯ ಸ್ತಂಭಗಳೆಲ್ಲ ಚೀನೀ ಶೈಲಿಯವು, ಬಲಬದಿಯವೆಲ್ಲ ಜಪಾನೀ ಶೈಲಿಯವು. ಇದು ಅಲಂಕಾರಕ್ಕಾಗಿ ಮಾಡಿದ್ದಲ್ಲ. 1884ರಿಂದ 30 ವರ್ಷಗಳ ಕಾಲ ಈ ಮೆಟ್ಟಿಲುಗಳ ಸಾಲು ಒಂದು ಗಡಿಯಾಗಿತ್ತು. ಎಡಕ್ಕೆ ಚೀನೀಯರ ಕೇರಿ, ಬಲಕ್ಕೆ ಜಪಾನೀಯರ ಕೇರಿ. ನೆಲ ಮಾತ್ರ ಕೊರಿಯಾದ್ದು.

ತೆರೆಯ ಮೇಲೆ ಮೆಟ್ಟಿಲುಗಳನ್ನು ತೋರಿಸುವುದು ನಮಗೆ ಸುಲಭ. ಆದರೆ ಒಂದು ಹೆಜ್ಜೆ ಆಚೆ ಇಟ್ಟರೆ ಕಾನೂನೇ ಬದಲಾಗುತ್ತಿತ್ತು ಎಂಬುದನ್ನು ತೋರಿಸುವುದು ಹೇಗೆ? ಕ್ಯಾಮೆರಾಕ್ಕೆ ಕಾನೂನು ಕಾಣಿಸುವುದಿಲ್ಲ. ಸುಂಕದ ದರವೂ ಕಾಣಿಸುವುದಿಲ್ಲ. ಈ ಬರಹ ಅದಕ್ಕಾಗಿ.

ಇಂಚೆನ್ ಬಂದರಿನ ಹಳೆಯ ಹೆಸರು ಚೆಮುಲ್ಪೊ. 1880ರ ಸುಮಾರಿನಲ್ಲಿ ಅದು ಕೆಲವೇ ಬೆಸ್ತರ ಗುಡಿಸಲುಗಳಿದ್ದ ಜಾಗ. ಬಂದರಿಗೆ ಹೇಳಿಮಾಡಿಸಿದ ಸ್ಥಳವಂತೂ ಅಲ್ಲವೇ ಅಲ್ಲ. ಅಲ್ಲಿ ಉಬ್ಬರ ಮತ್ತು ಇಳಿತಗಳ ನಡುವಣ ಅಂತರ ಸುಮಾರು 9 ಮೀಟರ್, ಅಂದರೆ ಮೂರಂತಸ್ತಿನ ಮನೆಯ ಎತ್ತರ! ವಿಜ್ಞಾನ ಓದಿದ ನನ್ನಂಥವರಿಗೆ ಇಲ್ಲಿ ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲಾಗದು. ಶಾಂತಸಾಗರದ ಕಡೆಯಿಂದ ಬರುವ ಉಬ್ಬರದ ಅಲೆ ಹಳದಿ ಸಮುದ್ರವನ್ನು ಹೊಗುತ್ತದೆ. ಆ ಸಮುದ್ರದ ಸರಾಸರಿ ಆಳ 50 ಮೀಟರಿಗೂ ಕಡಿಮೆ. ಆಳ ಕಡಿಮೆಯಾದಂತೆ, ದಡಗಳು ಇಕ್ಕಟ್ಟಾದಂತೆ ಅಲೆಯ ಶಕ್ತಿ ಎತ್ತರವಾಗಿ ಮಾರ್ಪಡುತ್ತದೆ. ಕೊಲ್ಲಿಯ ಆಕಾರವೂ ಅದಕ್ಕೆ ಒತ್ತಾಸೆಯಾಗುತ್ತದೆ. ಹೀಗೆ ದಿನಕ್ಕೆ ಎರಡು ಬಾರಿ ಸಮುದ್ರ ದಡದವರೆಗೆ ಬಂದು, ಎರಡು ಬಾರಿ ಮೈಲುಗಟ್ಟಲೆ ಕೆಸರನ್ನು ಬಿಟ್ಟು ಹಿಂದೆ ಸರಿಯುತ್ತದೆ. ಹಡಗುಗಳು ದೂರದಲ್ಲೇ ಲಂಗರು ಹಾಕಬೇಕಿತ್ತು. ಸರಕು, ಜನ ಎಲ್ಲವೂ ಚಪ್ಪಟೆ ತಳದ ದೋಣಿಗಳಲ್ಲಿ ದಡ ಸೇರಬೇಕಿತ್ತು, ಅದೂ ಉಬ್ಬರ ಬಂದಾಗ ಮಾತ್ರ.

ಹಾಗಿದ್ದರೂ ಎಲ್ಲರೂ ಈ ಕೆಸರಿಗೇ ಬಂದದ್ದೇಕೆ? ರಾಜಧಾನಿ ಸಿಯೋಲ್ ಇಲ್ಲಿಂದ ಒಂದೇ ದಿನದ ಹಾದಿ. ಅದೇ ಕಾರಣ.

ಕೊರಿಯಾ ಆಗ ಬಹುಮಟ್ಟಿಗೆ ಬಾಗಿಲು ಹಾಕಿಕೊಂಡಿದ್ದ ರಾಜ್ಯ. ಚೀನಾದ ಚಕ್ರವರ್ತಿಗೆ ಕಾಲಕಾಲಕ್ಕೆ ಕಾಣಿಕೆ ಕಳುಹಿಸುತ್ತಿತ್ತು. ಬುಸಾನ್‌ನಲ್ಲಿ ಜಪಾನೀಯರಿಗೆ ಮಿತವಾದ ವ್ಯಾಪಾರಕ್ಕೆ ಅವಕಾಶವಿತ್ತು. ಅಷ್ಟೇ. 1875ರ ಸೆಪ್ಟೆಂಬರಿನಲ್ಲಿ ಜಪಾನಿನ ಉನ್‌ಯೊ ಎಂಬ ಯುದ್ಧನೌಕೆ ಗಂಗ್‌ಹ್ವಾ ದ್ವೀಪದ ಬಳಿ ಕೊರಿಯಾದ ಕೋಟೆಗಳೊಂದಿಗೆ ಗುಂಡಿನ ಕಾಳಗ ನಡೆಸಿತು. ಮರುವರ್ಷ ಅಂದರೆ 1876ರ ಫೆಬ್ರವರಿಯಲ್ಲಿ, ಬಂದೂಕಿನ ನೆರಳಿನಲ್ಲೇ ಒಂದು ಒಪ್ಪಂದಕ್ಕೆ ಸಹಿಯಾಯಿತು. ಸೋಜಿಗವೆಂದರೆ, ಜಪಾನಿನ ಬಾಗಿಲನ್ನು ಅಮೆರಿಕದ ನೌಕಾಧಿಕಾರಿ ಪೆರ್ರಿ ತನ್ನ ಹಡಗುಗಳನ್ನು ತೋರಿಸಿ ತೆರೆಸಿ ಆಗಿನ್ನೂ ಕಾಲು ಶತಮಾನವೂ ಆಗಿರಲಿಲ್ಲ. ತನಗೆ ಕಲಿಸಿದ ಪಾಠವನ್ನು ಜಪಾನ್ ಬಹುಬೇಗ ನೆರೆಯವರ ಮೇಲೆ ಒಪ್ಪಿಸಿತು.

ಒಪ್ಪಂದದ ಪ್ರಕಾರ ಬುಸಾನ್ ಮೊದಲು ತೆರೆಯಿತು. ಬಳಿಕ 1880ರಲ್ಲಿ ವೊನ್ಸಾನ್, 1883ರಲ್ಲಿ ಇಂಚೆನ್. ಇಂಥ ಬಂದರುಗಳನ್ನು ಇತಿಹಾಸಕಾರರು ಒಪ್ಪಂದದ ಬಂದರುಗಳು ಎನ್ನುತ್ತಾರೆ. ಈ ಮಾತಿನಲ್ಲಿ ಮೂರು ಸಂಗತಿಗಳು ಅಡಗಿವೆ. ಬಂದರಿನಲ್ಲಿರುವ ವಿದೇಶೀಯ ತಪ್ಪು ಮಾಡಿದರೆ ಅವನನ್ನು ವಿಚಾರಿಸುವುದು ಅವನ ದೇಶದ ಕಾನ್ಸಲ್, ಕೊರಿಯಾದ ನ್ಯಾಯಾಧಿಕಾರಿ ಅಲ್ಲ. ವಿದೇಶೀಯರು ತಮ್ಮ ನಾಣ್ಯವನ್ನೇ ಅಲ್ಲಿ ಚಲಾಯಿಸಬಹುದು. ಇನ್ನು ಮೂರನೆಯದು ಸುಂಕ. ಆಮದು ಸರಕಿನ ಮೇಲೆ ಎಷ್ಟು ಸುಂಕ ಹಾಕಬೇಕೆಂಬುದನ್ನು ಆ ದೇಶ ತಾನೇ ತೀರ್ಮಾನಿಸುವಂತಿಲ್ಲ, ಒಪ್ಪಂದದಲ್ಲಿ ಬರೆದಷ್ಟೇ. ಜಪಾನಿನೊಂದಿಗಿನ ಮೊದಲ ವ್ಯಾಪಾರ ನಿಯಮಗಳಲ್ಲಂತೂ ಸುಂಕವೇ ಇರಲಿಲ್ಲ!

ಅದರ ಅರ್ಥ ಕೊರಿಯಾದ ಅಧಿಕಾರಿಗಳಿಗೆ ಬೇಗನೆ ಹೊಳೆಯಿತು. 1878ರಲ್ಲಿ ಬುಸಾನ್ ಬಳಿ ಅವರು ಒಂದು ಸುಂಕದ ಕಟ್ಟೆಯನ್ನು ತೆರೆದರು. ಜಪಾನೀಯರ ಮೇಲೆ ಸುಂಕ ಹಾಕುವಂತಿಲ್ಲವಲ್ಲ, ಅದಕ್ಕೆ ಅವರೊಡನೆ ವ್ಯವಹರಿಸುವ ತಮ್ಮದೇ ವರ್ತಕರ ಮೇಲೆ ಹಾಕಿದರು. ಜಪಾನಿನ ಯುದ್ಧನೌಕೆ ಬಂತು. ಕೆಲವೇ ತಿಂಗಳಲ್ಲಿ ಕಟ್ಟೆ ಮುಚ್ಚಿತು.

1882ರ ಮೇ ತಿಂಗಳಲ್ಲಿ ಅಮೆರಿಕದೊಂದಿಗೆ ಆದ ಒಪ್ಪಂದ ಇದಕ್ಕಿಂತ ಎಷ್ಟೋ ಮೇಲು. ನಿತ್ಯೋಪಯೋಗಿ ವಸ್ತುಗಳ ಮೇಲೆ ಶೇಕಡಾ 10ರವರೆಗೆ, ಭೋಗವಸ್ತುಗಳ ಮೇಲೆ 30ರವರೆಗೆ ಸುಂಕ ಹಾಕಬಹುದೆಂದು ಅದರಲ್ಲಿತ್ತು. ಆದರೆ 1883ರಲ್ಲಿ ಬ್ರಿಟನ್ ಚೌಕಾಸಿ ಮಾಡಿ ದರಗಳನ್ನು ಇಳಿಸಿತು. ಹತ್ತಿ ಬಟ್ಟೆಗೆ ಏಳೂವರೆ, ಅತಿ ದುಬಾರಿ ಸರಕಿಗೂ 20. ಬ್ರಿಟನ್ನಿಗೆ ಕೊಟ್ಟದ್ದು ಬ್ರಿಟನ್ನಿಗೆ ಮಾತ್ರ ಎಂದು ನೀವು ಕೇಳಬಹುದು. ಇಲ್ಲಿ ‘ಪರಮಾಪ್ತ ರಾಷ್ಟ್ರ’ ಎಂಬ ಷರತ್ತನ್ನು ನೆನಪಿಡಿ: ಒಬ್ಬನಿಗೆ ಕೊಟ್ಟ ರಿಯಾಯಿತಿ ಉಳಿದ ಒಪ್ಪಂದದಾರರಿಗೂ ತಾನಾಗಿಯೇ ಸಲ್ಲುತ್ತದೆ. ಒಬ್ಬರಿಗೆ ಬಾಗಿಲು ತೆರೆದರೆ ಎಲ್ಲರಿಗೂ ತೆರೆದಂತೆ. ಮುಚ್ಚಬೇಕಾದರೆ ಮಾತ್ರ ಎಲ್ಲರ ಒಪ್ಪಿಗೆಯೂ ಬೇಕು.

ಇನ್ನು ಊರಿಗೆ ಬರೋಣ. ಸಮುದ್ರದ ಎದುರಿನ ಒಳ್ಳೆಯ ಜಾಗ ಮೊದಲು ಬಂದ ಜಪಾನೀಯರ ಪಾಲಾಯಿತು. ಅದರ ಪಶ್ಚಿಮಕ್ಕೆ ಚೀನೀ ಕೇರಿ. ಇವೆರಡನ್ನೂ ಸುತ್ತುವರಿದು, ಗುಡ್ಡದ ಮೇಲೆಲ್ಲ ಹರಡಿದ್ದು ಸಾಮಾನ್ಯ ವಿದೇಶಿ ಕೇರಿ. ಬ್ರಿಟಿಷರು, ಅಮೆರಿಕನ್ನರು, ಜರ್ಮನರು, ರಷ್ಯನ್ನರು ಇರಬೇಕಾದದ್ದು ಅಲ್ಲಿ. ಕೊರಿಯನ್ನರ ಮನೆಗಳು ಇವುಗಳಾಚೆಗೆ ಸರಿದವು. ಸಾಮಾನ್ಯ ಕೇರಿಗೆ ಒಂದು ಪುರಸಭೆಯೂ ಇತ್ತು. ಅದರಲ್ಲಿ ಕಾನ್ಸಲ್‌ಗಳು, ನಿವೇಶನದಾರರ ಪ್ರತಿನಿಧಿಗಳು ಮತ್ತು ಒಬ್ಬ ಕೊರಿಯನ್ ಅಧಿಕಾರಿ. ತನ್ನದೇ ನೆಲದ ಪುರಸಭೆಯಲ್ಲಿ ಒಬ್ಬ!

ಪಾಶ್ಚಾತ್ಯರು ಸಂಖ್ಯೆಯಲ್ಲಿ ಬಹಳ ಕಡಿಮೆ. ಗುಡ್ಡದ ಮೇಲಿನ ದೊಡ್ಡ ದೊಡ್ಡ ಬಂಗಲೆಗಳ ಚಿತ್ರ ನೋಡಿದವರಿಗೆ ಊರೆಲ್ಲ ಅವರದೇ ಎನ್ನಿಸುತ್ತದೆ. ವಾಸ್ತವವಾಗಿ ಜಪಾನೀಯರು ಸಾವಿರಗಟ್ಟಲೆ, ಚೀನೀಯರು ನೂರಾರು, ಇವರು ಬೆರಳೆಣಿಕೆಯ ಕುಟುಂಬಗಳು. ಆದರೂ ಅವರಲ್ಲಿ ಸ್ವಾರಸ್ಯದ ವ್ಯಕ್ತಿಗಳಿದ್ದರು. ಸುಂಕದ ಕಚೇರಿಯ ಕೆಲಸಕ್ಕೆ 1883ರಲ್ಲಿ ಬಂದ ಸಬಾಟಿನ್ ಎಂಬ ರಷ್ಯನ್ ಪ್ರಜೆ ಮುಂದೆ ಅಲ್ಲಿನ ಅನೇಕ ಕಟ್ಟಡಗಳನ್ನು ರೂಪಿಸಿದ. 1901ರಲ್ಲಿ ತೆರೆದ ಚೆಮುಲ್ಪೊ ಕ್ಲಬ್ಬಿನ ಕಟ್ಟಡ ಅವನದೇ; ಅದು ಇಂದಿಗೂ ನಿಂತಿದೆ. ಹೋರಿ ಎಂಬ ಜಪಾನೀ ವರ್ತಕನ ದೈಬುತ್ಸು ಹೋಟೆಲಿನಲ್ಲಿ ಪಾಶ್ಚಾತ್ಯ ಅಡುಗೆ ಸಿಗುತ್ತಿತ್ತು. 1885ರ ಏಪ್ರಿಲಿನಲ್ಲಿ ಬಂದಿಳಿದ ಅಮೆರಿಕದ ಪಾದ್ರಿ ಅಪೆಂಜೆಲರ್ ಉಳಿದುಕೊಂಡದ್ದು ಅಲ್ಲಿಯೇ. ಸಿಯೋಲ್‌ಗೆ ಹೊರಡುವ ಮುನ್ನ ಎಲ್ಲರೂ ಚೆಮುಲ್ಪೊದಲ್ಲಿ ಒಂದು ರಾತ್ರಿಯಾದರೂ ತಂಗಲೇಬೇಕಿತ್ತಾದ್ದರಿಂದ ಹೋಟೆಲಿನ ವ್ಯಾಪಾರ ಚೆನ್ನಾಗಿತ್ತು. 1888ರಲ್ಲಿ ಅದಕ್ಕೆ ಮೂರಂತಸ್ತಿನ ಇಟ್ಟಿಗೆಯ ಕಟ್ಟಡವೂ ಆಯಿತು.

ಇಷ್ಟಕ್ಕೂ ಇವರೆಲ್ಲ ಕೊಳ್ಳುತ್ತಿದ್ದುದೇನು, ಮಾರುತ್ತಿದ್ದುದೇನು?

1886ರ ಫೆಬ್ರವರಿಯಲ್ಲಿ ಸಿಯೋಲ್‌ನ ವಾರಪತ್ರಿಕೆಯೊಂದರಲ್ಲಿ ಒಂದು ಜಾಹೀರಾತು ಬಂತು. ಕೊರಿಯಾದ ಪತ್ರಿಕೆಗಳಲ್ಲಿ ಮೊತ್ತಮೊದಲ ಆಧುನಿಕ ಜಾಹೀರಾತು ಇದೇ ಎನ್ನುತ್ತಾರೆ. ಕೊಟ್ಟವರು ಚೆಮುಲ್ಪೊದ ಜರ್ಮನ್ ವರ್ತಕ ಸಂಸ್ಥೆ ಮೇಯರ್ ಕಂಪನಿ. ಕೊರಿಯನ್ನರ ಬಾಯಲ್ಲಿ ಅದು ‘ಸೆಚಾಂಗ್’. ತಾವು ಹುಲಿ, ನರಿ, ದನ, ಕುದುರೆಗಳ ಚರ್ಮ, ಕೊಂಬು, ಬಾಲದ ಕೂದಲು ಮುಂತಾದವನ್ನು ಎಷ್ಟಿದ್ದರೂ ಕೊಳ್ಳುವುದಾಗಿ, ಗಡಿಯಾರ, ದೀಪ, ಗಾಜು, ಗುಂಡಿ, ಬಟ್ಟೆ, ಸೂಜಿ, ಬೆಂಕಿಕಡ್ಡಿ ಇತ್ಯಾದಿಗಳನ್ನು ಮಾರುವುದಾಗಿ ಅವರು ತಿಳಿಸಿದ್ದರು. ಮಕ್ಕಳು, ಮುದುಕರು ಬಂದರೂ ಮೋಸ ಮಾಡುವುದಿಲ್ಲವೆಂಬ ಭರವಸೆ ಬೇರೆ. ಹಾಗೆ ಹೇಳಬೇಕಾಗಿ ಬಂದದ್ದೇ ಆ ಕಾಲದ ಪೇಟೆಯ ಬಗ್ಗೆ ಒಂದಿಷ್ಟು ತಿಳಿಸುತ್ತದೆ.

ಆ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹೊರಗೆ ಹೋಗುವುದು ಕಾಡಿನ, ಹೊಲದ, ಹಟ್ಟಿಯ ಹುಟ್ಟುವಳಿ. ಒಳಗೆ ಬರುವುದು ಕಾರ್ಖಾನೆಯ ತಯಾರಿಕೆ. ಸೂಜಿಯಂಥ ಸಣ್ಣ ವಸ್ತುವೂ ಜರ್ಮನಿಯಿಂದ ಬಂದು ಹಳ್ಳಿಯ ಹೆಂಗಸರ ಕೈ ಸೇರಿತು. ಅದು ಒಳ್ಳೆಯ ಸೂಜಿ, ನಯವಾದದ್ದು, ಕೊಂಡವರು ಮೋಸಹೋದರು ಎಂದು ನಾನು ಹೇಳಲಾರೆ. ಸೀಮೆಎಣ್ಣೆಯ ದೀಪದಲ್ಲಿ ಓದುವುದು ಹರಳೆಣ್ಣೆಯ ದೀಪದಲ್ಲಿ ಓದುವುದಕ್ಕಿಂತ ಸುಖವೇ. ಅಂದಹಾಗೆ, ಪರದೇಶದಿಂದ ಬಂದದ್ದಕ್ಕೆ ನಾವು ‘ಸೀಮೆ’ ಎಂದು ಸೇರಿಸಿ ಸೀಮೆಎಣ್ಣೆ, ಸೀಮೆಸುಣ್ಣ ಎಂದಂತೆ ಕೊರಿಯನ್ನರು ‘ಯಾಂಗ್’ ಎಂದು ಸೇರಿಸುತ್ತಾರೆ. ಕಾಲುಚೀಲ ‘ಯಾಂಗ್‌ಮಲ್’, ಕೋಟು ಪ್ಯಾಂಟು ‘ಯಾಂಗ್‌ಬೊಕ್’. ನಾವು ದಿನವೂ ಹೆಚ್ಚುವ ಈರುಳ್ಳಿ ಅವರಿಗೆ ‘ಯಾಂಗ್‌ಪಾ’! ಯಾಂಗ್ ಎಂದರೆ ಸಾಗರ, ಅದರಾಚೆಯದು ಎಂದರ್ಥ.

ಬಟ್ಟೆಯ ಕಥೆ ಇನ್ನೂ ಕುತೂಹಲಕಾರಿ. ಇಂಗ್ಲೆಂಡಿನ ಗಿರಣಿಗಳ ಬಟ್ಟೆ ಮೊದಲು ಷಾಂಘೈಗೆ, ಅಲ್ಲಿಂದ ನಾಗಸಾಕಿಗೆ, ಅಲ್ಲಿಂದ ಜಪಾನೀ ವರ್ತಕರ ಮೂಲಕ ಕೊರಿಯಾಕ್ಕೆ ಬರುತ್ತಿತ್ತು. 1882ರ ನಂತರ ಚೀನಾದ ಸೈನ್ಯದ ಹಿಂದೆಯೇ ಚೀನೀ ವರ್ತಕರು ಬಂದರು. ಅವರು ನಾಗಸಾಕಿಯ ಸುತ್ತುಹಾದಿ ಬಿಟ್ಟು ಷಾಂಘೈನಿಂದ ನೇರವಾಗಿ ಚೆಮುಲ್ಪೊಗೆ ತರಿಸತೊಡಗಿದರು. ಮಧ್ಯವರ್ತಿಯೊಬ್ಬ ತಪ್ಪಿದ, ಬೆಲೆ ಇಳಿಯಿತು. 1885ರಲ್ಲಿ ಕೊರಿಯಾದ ಆಮದಿನಲ್ಲಿ ಚೀನಾದ ಪಾಲು ಶೇಕಡಾ 19, ಜಪಾನಿನದು 81. 1892ರ ಹೊತ್ತಿಗೆ ಅದು 45ಕ್ಕೆ 55. ಮೆಟ್ಟಿಲುಗಳ ಎಡ ಬಲಗಳ ನಡುವೆ ನಡೆಯುತ್ತಿದ್ದ ಪೈಪೋಟಿ ಎಂಥದೆಂದು ಈ ಅಂಕಿಗಳೇ ಹೇಳುತ್ತವೆ.

ಕೊರಿಯನ್ ವರ್ತಕರು ಕೈಕಟ್ಟಿ ಕೂತಿರಲಿಲ್ಲ. ಅಲ್ಲಿ ‘ಗೆಕ್ಜು’ ಎಂಬ ಮಂಡಿ ಸಾಹುಕಾರರಿದ್ದರು. ಹಳ್ಳಿಯಿಂದ ಸರಕು ತಂದವನಿಗೆ ತಂಗಲು ಜಾಗ, ಸರಕಿಗೆ ಉಗ್ರಾಣ, ಕೈಗೆ ಸಾಲ, ಮಾರಿಕೊಟ್ಟದ್ದಕ್ಕೆ ದಲ್ಲಾಳಿ ಎಲ್ಲವೂ ಅವರದೇ. ವಿದೇಶಿ ವರ್ತಕರು ಬಂದರಿನಿಂದಾಚೆ ಸ್ವತಂತ್ರವಾಗಿ ಓಡಾಡುವಂತಿಲ್ಲದಿದ್ದಾಗ ಗೆಕ್ಜುಗಳಿಲ್ಲದೆ ಒಂದು ಮೂಟೆಯೂ ಅಲುಗುತ್ತಿರಲಿಲ್ಲ. 1885ರಲ್ಲಿ ಅವರು ಸಂಘವನ್ನೂ ಕಟ್ಟಿಕೊಂಡರು. ಆದರೆ ವಿದೇಶೀಯರು ಓಡಾಡಬಹುದಾದ ಮಿತಿ ಮೊದಲು 10 ‘ರಿ’ ಇದ್ದದ್ದು 50 ಆಯಿತು, ಆಮೇಲೆ 100 ಆಯಿತು. ಮಿತಿ ಹಿಗ್ಗಿದಂತೆ ಗೆಕ್ಜುವಿನ ದಲ್ಲಾಳಿ ಕುಗ್ಗಿತು. ಜಪಾನೀ ವರ್ತಕ ಹಳ್ಳಿಗೇ ಹೋಗಿ, ರೈತನಿಗೆ ಮುಂಗಡ ಕೊಟ್ಟು, ಪೈರು ನಿಂತಿರುವಾಗಲೇ ಬತ್ತ ಕೊಳ್ಳತೊಡಗಿದ.

ಹಣದ ತೊಡಕೂ ಸಣ್ಣದಾಗಿರಲಿಲ್ಲ. ಕೊರಿಯಾದ ನಾಣ್ಯ ನಡುವೆ ತೂತಿರುವ ಹಿತ್ತಾಳೆಯ ಕಾಸು. ದಾರದಲ್ಲಿ ಪೋಣಿಸಿ ಹೊರಬೇಕು. 1894ರಲ್ಲಿ ಬಂದ ಇಂಗ್ಲಿಷ್ ಪ್ರವಾಸಿ ಇಸಾಬೆಲಾ ಬರ್ಡ್, 100 ಯೆನ್ ಬೆಲೆಯ ಕಾಸು ಸಾಗಿಸಲು ಆರು ಆಳು ಇಲ್ಲವೇ ಒಂದು ಕುದುರೆ ಬೇಕೆಂದು ಬರೆದಿದ್ದಾಳೆ. ಇಂಥ ಕಡೆ ಹಗುರವಾದ ಯೆನ್ ನೋಟು ಗೆಲ್ಲದೆ ಇರುತ್ತದೆಯೇ? ಜಪಾನಿನ ದಾಯಿಚಿ ಬ್ಯಾಂಕು 1883ರಲ್ಲೇ ಚೆಮುಲ್ಪೊದಲ್ಲಿ ಬಾಗಿಲು ತೆರೆದಿತ್ತು. ಮರುವರ್ಷದಿಂದ ಕೊರಿಯಾದ ಸುಂಕದ ಹಣ ಜಮೆಯಾದದ್ದೂ ಅಲ್ಲಿಯೇ. 1902ರಲ್ಲಿ ಆ ಬ್ಯಾಂಕು ಕೊರಿಯಾದಲ್ಲಿ ಚಲಾಯಿಸಲು ತನ್ನದೇ ನೋಟುಗಳನ್ನು ಹೊರತಂದಿತು. ನೋಟಿನ ಮೇಲಿದ್ದ ಮುಖ ಕೊರಿಯಾದ ದೊರೆಯದಲ್ಲ, ಬ್ಯಾಂಕಿನ ಮುಖ್ಯಸ್ಥ ಷಿಬುಸಾವಾ ಎಯಿಚಿಯದು.

ಸುಂಕ ಇಲಾಖೆಯ ಕಥೆಯನ್ನು ಕೇಳಿದರೆ ನಗು ಬರಬೇಕೋ ಅಳು ಬರಬೇಕೋ ತಿಳಿಯದು. ದೊರೆ ಗೋಜೊಂಗ್‌ಗೆ ಆಧುನಿಕ ಸುಂಕದ ವ್ಯವಸ್ಥೆ ಬೇಕಿತ್ತು. ಚೀನಾದ ಮುತ್ಸದ್ದಿ ಲಿ ಹಾಂಗ್‌ಜಾಂಗ್ ಶಿಫಾರಸು ಮಾಡಿದ ಮೊಲೆನ್‌ಡಾರ್ಫ್ ಎಂಬ ಜರ್ಮನ್ 1882ರ ಕೊನೆಗೆ ಬಂದ. ಕೊರಿಯನ್ ಉಡುಪು ತೊಟ್ಟ, ಇಲಾಖೆ ಕಟ್ಟಿದ. 1883ರ ಜೂನ್‌ನಲ್ಲಿ ಚೆಮುಲ್ಪೊದ ಸುಂಕದ ಕಚೇರಿ ತೆರೆಯಿತು. ಅದರ ಅಧಿಕಾರಿ ಒಬ್ಬ ಇಂಗ್ಲಿಷಿನವನು. ಆದರೆ ಮೊಲೆನ್‌ಡಾರ್ಫ್ ಚೀನಾದ ಮಾತು ಕೇಳುವ ಬದಲು ರಷ್ಯಾದ ಕಡೆ ವಾಲಿದ. 1885ರಲ್ಲಿ ಅವನನ್ನು ತೆಗೆದರು. ಅವನ ಜಾಗಕ್ಕೆ ಚೀನಾದ ಸುಂಕ ಇಲಾಖೆಯಿಂದ ಮೆರಿಲ್ ಎಂಬ ಅಮೆರಿಕನ್ ಬಂದ. ಅಲ್ಲಿಂದ ಹಲವು ವರ್ಷ ಕೊರಿಯಾದ ಸುಂಕದ ಅಂಕಿಅಂಶಗಳು ಅಚ್ಚಾದದ್ದು ಚೀನಾದ ಸುಂಕ ವರದಿಯ ಅನುಬಂಧವಾಗಿ! ದೇಶವೊಂದು ಸ್ವತಂತ್ರವೋ ಅಲ್ಲವೋ ಎಂಬ ವಾದಕ್ಕೆ ಆ ಅನುಬಂಧ ಚೀನಾದ ಉತ್ತರವಾಗಿತ್ತು.

ರಫ್ತಿನ ಮಾತು ಬಾಕಿಯಿದೆ. ಚರ್ಮ, ಸೋಯಾ, ಚಿನ್ನ ಹೋಗುತ್ತಿದ್ದವು, ನಿಜ. ಆದರೆ ಮುಖ್ಯವಾದದ್ದು ಅಕ್ಕಿ. ಒಸಾಕಾದ ಗಿರಣಿ ಕೆಲಸಗಾರರ ಊಟಕ್ಕೆ ಅಗ್ಗದ ಅಕ್ಕಿ ಬೇಕಿತ್ತು. ಅಮೆರಿಕದ ಟೌನ್‌ಸೆಂಡ್ ಎಂಬ ವರ್ತಕ 1892ರಲ್ಲಿ ಚೆಮುಲ್ಪೊದಲ್ಲಿ ಉಗಿಯಂತ್ರದ ಅಕ್ಕಿ ಗಿರಣಿ ಹಾಕಿದ. ಹೊಲದಿಂದ ಬಂದರಿಗೆ ಅಕ್ಕಿ ಹರಿದಂತೆ ಒಳನಾಡಿನಲ್ಲಿ ಬೆಲೆ ಏರಿತು. ಜಮೀನುದಾರನಿಗೆ ಲಾಭ, ಕೊಂಡು ತಿನ್ನುವವನಿಗೆ ಸಂಕಟ. ಬೆಳೆ ಕೆಟ್ಟ ವರ್ಷ ಧಾನ್ಯ ಹೊರಹೋಗದಂತೆ ಪ್ರಾಂತ್ಯದ ಅಧಿಕಾರಿಗಳು ತಡೆಯಾಜ್ಞೆ ಹೊರಡಿಸುವ ರೂಢಿಯಿತ್ತು. 1889ರಲ್ಲಿ ಈಶಾನ್ಯದ ಹಮ್‌ಗ್ಯೊಂಗ್ ಪ್ರಾಂತ್ಯದಲ್ಲಿ ಹಾಗೆ ಸೋಯಾ ಸಾಗಾಣಿಕೆಯನ್ನು ತಡೆದಾಗ ಜಪಾನ್ ನಷ್ಟಪರಿಹಾರ ಕೇಳಿತು. 1893ರಲ್ಲಿ ಕೊರಿಯಾ 1,10,000 ಯೆನ್ ತೆರಬೇಕಾಯಿತು. ತನ್ನ ಜನರ ಧಾನ್ಯವನ್ನು ಉಳಿಸಿಕೊಳ್ಳಲು ಹೋದದ್ದಕ್ಕೆ ದಂಡ! ಮರುವರ್ಷ ರೈತರ ದಂಗೆ ಎದ್ದಿತು. ದಂಗೆಗೆ ಅಧಿಕಾರಿಗಳ ಲಂಚ, ಸುಲಿಗೆ ಮೊದಲ ಕಾರಣವೆಂಬುದು ನಿಜ. ಆದರೆ ಜಪಾನೀ ವರ್ತಕರ ಮೇಲಿನ ಸಿಟ್ಟೂ ಅದರಲ್ಲಿತ್ತು. ಅದನ್ನಡಗಿಸುವ ನೆವದಲ್ಲಿ ಚೀನಾ ಮತ್ತು ಜಪಾನ್ ಎರಡರ ಸೈನ್ಯಗಳೂ ಬಂದು ಪರಸ್ಪರ ಯುದ್ಧಕ್ಕಿಳಿದವು. ಚೆಮುಲ್ಪೊದ ಚೀನೀ ಕೇರಿ ಬಹುಪಾಲು ಖಾಲಿಯಾಯಿತು.

ಯುದ್ಧದ ನಂತರ ಶಾಂಡೊಂಗ್ ಕಡೆಯ ಚೀನೀಯರು ಮತ್ತೆ ಬಂದರು. ಹಲವರು ಹಮಾಲಿಗಳು. ಹುರಿದ ಕಪ್ಪು ಸೋಯಾ ಗೊಜ್ಜು ಕಲಸಿದ ಅವರ ಶ್ಯಾವಿಗೆಯೇ ಮುಂದೆ ಕೊರಿಯನ್ನರ ಅಚ್ಚುಮೆಚ್ಚಿನ ‘ಜಜಂಗ್‌ಮ್ಯೊನ್’ ಆಯಿತು. ಕೊರಿಯನ್ ಧಾರಾವಾಹಿ ನೋಡುವವರಿಗೆ ಇದನ್ನು ಬಣ್ಣಿಸಬೇಕಿಲ್ಲ. ಅದನ್ನು ಬಡಿಸುತ್ತಿದ್ದ ಹಳೆಯ ಹೋಟೆಲೊಂದು 2012ರಿಂದ ಆ ಶ್ಯಾವಿಗೆಯ ವಸ್ತುಸಂಗ್ರಹಾಲಯವಾಗಿದೆ.

1899ರ ಸೆಪ್ಟೆಂಬರ್ 18ರಂದು ಕೊರಿಯಾದ ಮೊದಲ ರೈಲು ಚೆಮುಲ್ಪೊದಿಂದ ಹೊರಟಿತು. ಪರವಾನಗಿ ಪಡೆದವನು ಮೋರ್ಸ್ ಎಂಬ ಅಮೆರಿಕನ್, ಅವನಿಂದ ಕೊಂಡು ಮುಗಿಸಿದವರು ಜಪಾನೀಯರು. ಇಡೀ ದಿನದ ಕುದುರೆ ಸವಾರಿ ಎರಡು ಗಂಟೆಯೊಳಗಿನ ಪಯಣವಾಯಿತು. ಬಂದವರು ರಾತ್ರಿ ತಂಗುವ ಅಗತ್ಯವೇ ಉಳಿಯಲಿಲ್ಲ! ದೈಬುತ್ಸು ಹೋಟೆಲು ಸೊರಗಿ, ಕೊನೆಗೆ ಚೀನೀ ಊಟದ ಹೋಟೆಲಾಗಿ ಕೈಬದಲಾಯಿತು.

ಬಂದರು ಸರಕನ್ನಷ್ಟೇ ಅಲ್ಲ, ಜನರನ್ನೂ ಕಳುಹಿಸಿತು. 1902ರ ಡಿಸೆಂಬರ್ 22ರಂದು ನೂರಕ್ಕೂ ಹೆಚ್ಚು ಕೊರಿಯನ್ನರು ಹವಾಯಿಯ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಇಲ್ಲಿಂದ ಹೊರಟರು. 1904ರ ಫೆಬ್ರವರಿ 9ರಂದು ಜಪಾನಿನ ನೌಕಾಪಡೆ ಇದೇ ಬಂದರಿನ ಎದುರು ರಷ್ಯದ ವಾರ್ಯಾಗ್ ಹಡಗನ್ನು ಸದೆಬಡಿಯಿತು. 1905ರಲ್ಲಿ ಕೊರಿಯಾ ಜಪಾನಿನ ರಕ್ಷಿತ ರಾಜ್ಯ, 1910ರಲ್ಲಿ ವಸಾಹತು. 1914ರಲ್ಲಿ ವಿದೇಶಿ ಕೇರಿಗಳನ್ನು ರದ್ದುಮಾಡಿದರು. ಈಗ ಎಲ್ಲ ನೆಲವೂ ಜಪಾನಿನದೇ ಆಗಿರುವಾಗ ಕೇರಿಯ ಗಡಿ ಯಾರಿಗೆ ಬೇಕು?

ಉಬ್ಬರವಿಳಿತದ ಕಾಟಕ್ಕೆ ಪರಿಹಾರ ಸಿಕ್ಕಿದ್ದು ಆಮೇಲೆ. 1911ರಲ್ಲಿ ಆರಂಭಿಸಿ 1918ರಲ್ಲಿ ಮುಗಿಸಿದ ಕಟ್ಟೆ ಮತ್ತು ಬಾಗಿಲುಗಳು ಉಬ್ಬರದ ನೀರನ್ನು ಒಳಗೇ ಹಿಡಿದಿಟ್ಟವು. ಸಮುದ್ರ ಹಿಂದೆ ಸರಿದರೂ ಒಳಗಿನ ಹಡಗು ತೇಲುತ್ತಲೇ ಇರುತ್ತಿತ್ತು. ಅಕ್ಕಿಯ ಸಾಗಾಣಿಕೆ ಸಲೀಸಾಯಿತು. ಈ ಕಾಮಗಾರಿಯಲ್ಲಿ ಸರಪಳಿ ತೊಟ್ಟು ಮಣ್ಣು ಹೊತ್ತ ಕೈದಿಗಳಲ್ಲಿ ಕಿಮ್ ಗು ಎಂಬಾತನೂ ಇದ್ದ. 1890ರ ದಶಕದಲ್ಲಿ ಇದೇ ಊರಿನ ಸೆರೆಮನೆಯಿಂದ ಒಮ್ಮೆ ತಪ್ಪಿಸಿಕೊಂಡಿದ್ದವನು ಅವನು. ಮುಂದೆ ಷಾಂಘೈನಲ್ಲಿ ದೇಶಭ್ರಷ್ಟ ಕೊರಿಯನ್ ಸರ್ಕಾರದ ಮುಖ್ಯಸ್ಥನಾದವನೂ ಅವನೇ.

ಕೊನೆಗೆ ನಮಗೆ ಹತ್ತಿರದ ಒಂದು ಸಂಗತಿ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆಯನ್ನು ಬಗೆಹರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಕೈದಿಗಳ ಕಾವಲಿಗೆ ಭಾರತದ ಸುಮಾರು 6,000 ಸೈನಿಕರು ಹಡಗಿನಲ್ಲಿ ಇಂಚೆನ್ ಬಂದರನ್ನು ತಲಪಿದರು. ಆದರೆ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ, ಭಾರತದ ಸೈನಿಕನೊಬ್ಬನೂ ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದಿದ್ದರು. ಹಾಗಾಗಿ ಅವರನ್ನು ಹಡಗಿನ ಮೇಲಿಂದಲೇ ಹೆಲಿಕಾಪ್ಟರುಗಳಲ್ಲಿ ಎತ್ತಿ, ಊರನ್ನು ದಾಟಿಸಿ, ಸೈನ್ಯರಹಿತ ವಲಯದಲ್ಲಿ ಇಳಿಸಲಾಯಿತು.